ಯಾವ ಕೀ ಹಾಕಿದರೂ ತಿರುಗುವ ಕಾರು

ಕಾರು ಓಡುತ್ತಿತ್ತು. ಕೀ ನನ್ನ ಕೈಯಲ್ಲಿತ್ತು.

ಸಿಂಗಾನಲ್ಲೂರು ಸಿಗ್ನಲ್ಲು. ಮುಂದೆ ಟೌನ್ ಬಸ್ಸು, ಹಿಂದೆ ಹಾರ್ನ್ ಬಾರಿಸುತ್ತಿದ್ದ ಟೆಂಪೊ. ಬ್ರೇಕ್ ಒತ್ತುವಾಗ ಮೊಣಕಾಲಿಗೆ ಏನೋ ತಾಗಿ ಝಣ್ ಅಂತ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ. ನೋಡಿದರೆ ಇದೇ ಕಾರಿನ ಕೀ! ಎಂಜಿನ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಗುರುಗುಟ್ಟುತ್ತಲೇ ಇತ್ತು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಧಾ ಕೀಯನ್ನು ನೋಡಿದಳು, ನನ್ನನ್ನು ನೋಡಿದಳು. "ರೀ, ಇದೇನ್ರೀ ಇದು? ಇದನ್ನ ಓಡಿಸ್ತಾ ಇರೋದು ಯಾರು?" ಅಂದಳು.

(ಸುಧಾ ಮೈಸೂರಿನವಳು. ನಾವು ಮುತ್ತಜ್ಜನ ಕಾಲದಿಂದಲೂ ಕೊಯಮತ್ತೂರಿನವರು. ನನಗೆ ಕನ್ನಡ ಓದಲು, ಬರೆಯಲು ಕಲಿಸಿದವಳೂ ಅವಳೇ. ಆದ್ದರಿಂದ ಈ ಅಂಕಣದಲ್ಲಿ ಕಾಗುಣಿತ ತಪ್ಪಿದ್ದರೆ ಯಾರನ್ನು ಬೈಯಬೇಕು ಅಂತ ನಿಮಗೆ ಗೊತ್ತು.)

ತಲೆ ನೆಟ್ಟಗಿರುವ ಯಾರೇ ಆದರೂ ಏನು ಮಾಡುತ್ತಿದ್ದರು? ಗಾಬರಿಯಾಗಿ ಸೀದಾ ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದರು. ನಾನೂ ಗಾಬರಿಯಾದೆ, ಸುಳ್ಳೇಕೆ ಹೇಳಲಿ? ಆದರೆ ಸಿಗ್ನಲ್ ಹಸಿರಾಗುವಷ್ಟರಲ್ಲಿ ಗಾಬರಿ ಹೋಗಿ ಖುಷಿ ಬಂದಿತ್ತು. ಕೀ ಇಲ್ಲದೆ ಓಡುವ ಕಾರು! ಶ್ರೀಮಂತರು ಬಟನ್ ಒತ್ತಿ ಓಡಿಸುತ್ತಾರೆ. ನಮ್ಮದಕ್ಕೆ ಬಟನ್ನೂ ಬೇಡ.

ಸುಧಾ ಬಿಡಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವ ಸೆಲ್ವಂ ಅಂಗಡಿಯ ಮುಂದೆ ಕಾರು ನಿಲ್ಲಿಸುವಂತೆ ಮಾಡಿದಳು. ಸೆಲ್ವಂ ನಮ್ಮ ಕೀ ಹಾಕಿ ಅಲ್ಲಾಡಿಸಿ ನೋಡಿದ. ಆಮೇಲೆ ತನ್ನ ಮನೆಯ ಬೀರುವಿನ ಕೀ ತೆಗೆದು ಅದನ್ನು ತೂರಿಸಿದ. ತಿರುಗಿಸಿದ. ಕಾರು ಸ್ಟಾರ್ಟ್ ಆಯಿತು.

ಸುಧಾ "ಅಯ್ಯೋ ದೇವರೇ" ಅಂತ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಸಾರ್, ಇಗ್ನಿಷನ್ ಲಾಕ್ ಒಳಗೆ ಏನೂ ಉಳಿದಿಲ್ಲ. ಎಲ್ಲಾ ಸವೆದಿದೆ. ಇನ್ನು ಚಮಚ ಹಾಕಿದರೂ ತಿರುಗುತ್ತೆ. ಲಾಕ್ ಸೆಟ್ ಪೂರ್ತಿ ಬದಲಾಯಿಸಿಬಿಡಿ. ಒಂದು ದಿನ ಗಾಡಿ ಬಿಟ್ಟುಹೋಗಿ" ಅಂತ ಸೆಲ್ವಂ ತಮಿಳಿನಲ್ಲಿ ಹೇಳಿದ.

ಒಂದು ದಿನ! ಪಲ್ಲಡದಲ್ಲಿ ಮದುವೆ ಇಟ್ಟುಕೊಂಡು ಕಾರು ಬಿಟ್ಟುಹೋಗೋದಾ? "ಮದುವೆ ಮುಗಿಯಲಿ ಸೆಲ್ವಂ, ಅಲ್ಲಿತನಕ ಹೇಗೋ ಅಡ್ಜಸ್ಟ್ ಮಾಡ್ಕೋತೀನಿ" ಅಂದೆ. ಅವನೂ ಸರಿ ಅಂದ. ಸುಧಾ ಮಾತ್ರ ಸರಿ ಅನ್ನಲಿಲ್ಲ. 

ಈ ಅಡ್ಜಸ್ಟ್ ಅನ್ನೋದು ಇದೆಯಲ್ಲ, ಅದು ನಮ್ಮ ಮನೆದೇವರು. ನಿಮ್ಮ ಮನೆಯಲ್ಲೂ ಇರುತ್ತೆ, ಇಲ್ಲ ಅನ್ನಬೇಡಿ. ನೆಂಟರು ಬಂದರೆ ಬಚ್ಚಲಮನೆಗೆ ಕಳಿಸುವ ಮೊದಲು ಒಂದು ಪಾಠ ಮಾಡುತ್ತೀರಿ ತಾನೆ? "ಚಿಲಕ ಹಾಕೋವಾಗ ಬಾಗಿಲನ್ನ ಸ್ವಲ್ಪ ಮೇಲಕ್ಕೆತ್ತಿ. ನಲ್ಲಿ ಎಡಕ್ಕೆ ಜಾಸ್ತಿ ತಿರುಗಿಸಬೇಡಿ." ನೆಂಟರು ಪಾಪ ಪರೀಕ್ಷೆಗೆ ಹೋಗುವವರ ಹಾಗೆ ತಲೆ ಆಡಿಸಿ ಹೋಗುತ್ತಾರೆ. ರಿಪೇರಿ ಮಾಡಿಸುವುದಕ್ಕಿಂತ ಪಾಠ ಮಾಡುವುದು ನಮಗೆ ಸುಲಭ. ಕೊನೆಗೆ ಕೆಟ್ಟಿದ್ದನ್ನು ನಡೆಸುವುದೇ ಒಂದು ಜಾಣತನ ಅನ್ನಿಸಿಬಿಡುತ್ತೆ.

ನನಗೂ ಅನ್ನಿಸಿತು. ಅಂಗಡಿಗೆ ಹೋದರೆ ಎಂಜಿನ್ ಆನ್, ಎಸಿ ಆನ್, ಕೀ ಕಿತ್ತು ಬಾಗಿಲಿಗೆ ಬೀಗ ಹಾಕಿ ಜೇಬಿಗೆ. ವಾಪಸ್ ಬಂದರೆ ಕಾರಿನ ಒಳಗೆ ಊಟಿ! ಈ ವಿದ್ಯೆಯನ್ನು ಆಫೀಸಿನಲ್ಲಿ, ಓಣಿಯಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ತೋರಿಸಿದೆ. ನೋಡಿದವರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಹೋದ ವಾರ ಪಲ್ಲಡದಲ್ಲಿ ಮದುವೆ. ನನ್ನ ದೊಡ್ಡಪ್ಪನ ಮಗ, ಪವರ್‌ಲೂಮ್ ಇಟ್ಟಿರುವ ದೊರೆಸ್ವಾಮಿ ಅಣ್ಣನ ಮಗಳದು. ಮಗಳ ಕಾಲೇಜು ಪರೀಕ್ಷೆ ಅಂತ ಸುಧಾ ಮನೆಯಲ್ಲೇ ಉಳಿದಳು. ಹೋದವರು ನಾನು ಮತ್ತು ನಾಗತ್ತೆ.

ನಾಗತ್ತೆ ಅಂದರೆ ನಮ್ಮಪ್ಪನ ತಂಗಿ. ಅಮ್ಮ ತೀರಿಕೊಂಡಾಗ ನನಗಿನ್ನೂ ಚಡ್ಡಿ ಹಾಕುವ ವಯಸ್ಸು. ನನಗೆ ಅನ್ನ ಕಲಸಿ ತಿನ್ನಿಸಿದವರು, ಸ್ಕೂಲಿಗೆ ಕೈ ಹಿಡಿದು ಕರೆದುಕೊಂಡು ಹೋದವರು ಅವರೇ. ಈಗ ನಮ್ಮ ಜೊತೆಯಲ್ಲಿದ್ದಾರೆ. ಕಣ್ಣು ಮಂಜು, ಮಂಡಿ ನೋವು, ಆದರೆ ಮದುವೆ ಅಂದರೆ ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಾರೆ.

ನಸುಕಿನ ಮುಹೂರ್ತ. ಅದಕ್ಕಾಗಿ ನಾವು ಏಳಬೇಕಾಗಿದ್ದು ಕೋಳಿಗಿಂತ ಮೊದಲು. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾಕಿದ್ದಾಯಿತು, ಮಧ್ಯಾಹ್ನ ಮೊದಲ ಪಂತಿಯಲ್ಲೇ ಅತ್ತೆಯ ಊಟವೂ ಆಯಿತು. ಒಳಗೆ ನಾದಸ್ವರ, ಅದರ ಮೇಲೆ ಮೈಕ್ ಸೆಟ್. ಅತ್ತೆ ನನ್ನ ಕೈ ಹಿಡಿದರು.

"ಕಣ್ಣು, ಸದ್ದು ತಾಳೋಕಾಗಲ್ಲ. ವಂಡಿಲಿ ಸ್ವಲ್ಪ ಮಲಕ್ಕೊತೀನಿ. ನೀ ಸಾಪಾಟು ಮುಗಿಸ್ಕೊಂಡು ಮೆಲ್ಲಗೆ ಬಾ."

(ನಮ್ಮ ಕಡೆ ಹಿರಿಯರಿಗೆ ಮಕ್ಕಳೆಲ್ಲರೂ 'ಕಣ್ಣು'. ಮಗು ಆದರೂ ಕಣ್ಣು, ತಲೆ ನರೆತ ನನ್ನಂಥವನಾದರೂ ಕಣ್ಣು. ಇದು ಕೊಯಮತ್ತೂರು ಸುತ್ತಿನ ಕೊಂಗುನಾಡಿನ ಮಾತು, ನಮ್ಮ ಕನ್ನಡಕ್ಕೂ ಅಂಟಿದೆ. ವಂಡಿ ಅಂದರೆ ಗಾಡಿ, ಸಾಪಾಟು ಅಂದರೆ ಊಟ.)

ಕಾರು ಮಂಟಪದ ಹೊರಗೆ ಬೇವಿನ ಮರದ ಕೆಳಗಿತ್ತು. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಎಂಜಿನ್ ಆನ್ ಮಾಡಿದೆ, ಎಸಿ ಹಾಕಿದೆ, ಕೀ ಹೊರಗೆಳೆದು ಅವರ ಕಣ್ಣ ಮುಂದೆ ಆಡಿಸಿದೆ. "ನೋಡಿ ಅತ್ತೆ, ಕೀ ನನ್ನ ಕೈಲಿ, ಗಾಳಿ ನಿಮಗೆ!"

"ಒಳ್ಳೆ ವಂಡಿ ಕಣ್ಣು ಇದು" ಅಂತ ಅತ್ತೆ ಸೆರಗು ಮುಖದ ಮೇಲೆ ಎಳೆದುಕೊಂಡರು.

ಕೊರಳಲ್ಲಿ ಚಿನ್ನ, ಕೈಯಲ್ಲಿ ಬಳೆ. ಊರು ಗೊತ್ತಿಲ್ಲ, ಜನ ಗೊತ್ತಿಲ್ಲ. ಹೊರಗಿನಿಂದ ಬೀಗ ಹಾಕಿ, ಎಳೆದು ನೋಡಿ, ಗ್ಯಾರಂಟಿ ಮಾಡಿಕೊಂಡು ಊಟಕ್ಕೆ ಹೋದೆ.

ಊಟ ಎಷ್ಟು ಹೊತ್ತಾದೀತು? ಊಟಕ್ಕೆ ಏನೂ ಆಗಲಿಲ್ಲ, ಮಾತಿಗೆ ಆಯಿತು. ಆ ಭಾವ ಸಿಕ್ಕಿದ, ಈ ಮಾವ ಸಿಕ್ಕಿದ. ನಮ್ಮವರೆಲ್ಲ ಒಂದೆಡೆ ಸೇರುವುದು ಮದುವೆಗೆ, ಇಲ್ಲ ಸಾವಿಗೆ. ಹೊರಗೆ ಎಲ್ಲರದೂ ತಮಿಳು. ಇಲ್ಲಿ ಮಾತ್ರ ಅಂಗಿ ಗುಂಡಿ ಬಿಚ್ಚಿ ಕೂತ ಹಾಗೆ ಕನ್ನಡ. ಬೀಡಾ ಹಾಕಿಕೊಂಡು, ತಾಂಬೂಲದ ಚೀಲ ಹಿಡಿದು, ಊಟದ ಹಾಲ್‌ನ ಹಿಂಬಾಗಿಲಿನಿಂದ ಹೊರಬಿದ್ದೆ.

ಬೇವಿನ ಮರ. ಅದರ ಕೆಳಗೆ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ, ಮುಖದ ಮೇಲೆ ಸೆರಗು.

ಎಂಜಿನ್ ಆಫ್ ಆಗಿತ್ತು.  ಆದರೆ ಮುಂದಿನ ಎರಡೂ ಗ್ಲಾಸು ಅರ್ಧ ಇಳಿದಿದ್ದವು, ಒಳಗೆ ಗಾಳಿ ಆಡುತ್ತಿತ್ತು. ಗ್ಲಾಸ್ ತಾನಾಗಿ ಜಾರುವುದು ನಮ್ಮ ಕಾರಿನ ಹಳೇ ಕಾಯಿಲೆ. ಸದ್ಯ, ಇವತ್ತು ಒಳ್ಳೆಯದಕ್ಕೇ ಜಾರಿದೆ ಅಂದುಕೊಂಡೆ. ಬಾಗಿಲ ಬೀಗ ತೆಗೆದು ಕೂತೆ. ಕೀ ಹಾಕಿದೆ. ಒಂದೇ ಸಲಕ್ಕೆ ಸ್ಟಾರ್ಟ್! ಎಂದಿನ ಹಾಗೆ ಸ್ಟಿಯರಿಂಗ್ ಅಲ್ಲಾಡಿಸಬೇಕಿಲ್ಲ, ಕೀಯನ್ನು ಅರ್ಧ ಹೊರಗೆಳೆದು ತಿರುಗಿಸಬೇಕಿಲ್ಲ, ಏನಿಲ್ಲ.

"ಹೊರಡೋಣ್ವಾ ಅತ್ತೆ?" ಅಂದೆ.

"ಹ್ಞೂಂ ಕಣ್ಣು. ಮೆಲ್ಲಗೆ ಓಡ್ಸು" ಅಂತ ಸೆರಗಿನ ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು.

ಹೊರಟೆ. ತಿರುಚ್ಚಿ ರೋಡು ಹಿಡಿದೆ. ಕಾರು ಯಾಕೋ ಅವತ್ತು ಬಹಳ ಚೆನ್ನಾಗಿ ಓಡುತ್ತಿತ್ತು. ಎಸಿ ಹಾಕಿದ ಕೂಡಲೇ ತಣ್ಣಗಾಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದ ಸದ್ದಲ್ಲ, ನಿಜವಾದ ಹಾರ್ನ್. ಪೆಟ್ರೋಲ್ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ಬೆಳಿಗ್ಗೆ ಬರುವಾಗ ರಿಸರ್ವ್‌ಗೆ ಬಂದಿತ್ತಲ್ಲ? ಓಹೋ, ಈಗ ಮುಳ್ಳೂ ಕೆಟ್ಟಿತು ಅಂದುಕೊಂಡೆ.

ಗಮನಿಸಿದಿರಾ? ಎಲ್ಲವೂ ಸರಿಯಾಗಿರುವ ಕಾರಿನಲ್ಲಿ ಕೂತಿದ್ದೇನೆ. ಇದು ನನ್ನ ಕಾರಲ್ಲ ಅಂತ ಹೊಳೆಯಲಿಲ್ಲ. ನನ್ನ ಕಾರಿನಲ್ಲಿ ಇನ್ನೊಂದು ಕೆಟ್ಟಿತು ಅಂತ ಹೊಳೆಯಿತು! ಕೆಟ್ಟಿದ್ದಕ್ಕೇ ಒಗ್ಗಿದ ತಲೆ ಹೀಗೇ ಕೆಲಸ ಮಾಡುತ್ತೆ.

ಇನ್ನೊಂದು ಕಾರಣವೂ ಇತ್ತು. ಹಿಂದಿನಿಂದ ಬಂದ ದನಿ ಕನ್ನಡದ್ದು. ಕೊಯಮತ್ತೂರಿನಲ್ಲಿ ಹೊಸ್ತಿಲು ದಾಟಿದರೆ ನಮಗೆ ತಮಿಳೇ. ಆಫೀಸು, ಅಂಗಡಿ, ಆಸ್ಪತ್ರೆ, ಜಗಳ ಎಲ್ಲ ತಮಿಳು. ಕನ್ನಡ ಕಿವಿಗೆ ಬಿದ್ದರೆ ಮನೆ ಅಂತಲೇ ಅರ್ಥ. ಹಿಂದಿನ ಸೀಟಿನಿಂದ ಒಬ್ಬ ಮುದುಕಿ 'ಕಣ್ಣು' ಅಂತ ಕನ್ನಡದಲ್ಲಿ ಮಾತಾಡಿದರೆ ಅವರು ನಾಗತ್ತೆ ಅಲ್ಲದೆ ಇನ್ಯಾರು? ಮಂಟಪದ ತುಂಬ ಕನ್ನಡದವರೇ ತುಂಬಿದ್ದರು ಅನ್ನುವುದು ನೆನಪಿಗೇ ಬರಲಿಲ್ಲ. ಅಷ್ಟು ಹೊತ್ತು ಅವರ ಜೊತೆಯೇ ಹರಟೆ ಹೊಡೆದು ಬಂದಿದ್ದೆ, ಆದರೂ ಬರಲಿಲ್ಲ.

ಸೂಲೂರು ಹತ್ತಿರ ಬಂತು. "ಕಣ್ಣು, ಬಾಯಿ ಒಣಗ್ತದೆ. ಒಂದು ಸೋಡಾ ವಾಂಗಿ ಕೊಡು" ಅಂತ ದನಿ.

ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲಿಸಿ ಸೋಡಾ ತಂದೆ. ಹಿಂದಿನ ಬಾಗಿಲು ತೆಗೆದೆ. ಬಾಟಲಿ ಮುಂದೆ ಚಾಚಿದೆ. ಅವರು ಸೆರಗು ಸರಿಸಿ ಎದ್ದು ಕೂತರು.

ಮೂಗಿನ ಎರಡೂ ಕಡೆ ಮೂಗುತಿ. ನಾಗತ್ತೆಗೆ ಮೂಗುತಿಯೇ ಇಲ್ಲ.

ನಾನು ಇವರನ್ನು ಜನ್ಮದಲ್ಲಿ ನೋಡಿದವನಲ್ಲ.

"ನೀವ್ಯಾರು?" ಅಂದೆ. 

ಅವರು ಕಣ್ಣು ಕಿರಿದು ಮಾಡಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ನಾ ರಂಗಮ್ಮ. ಮೆಟ್ಟುಪಾಳ್ಯಂ. ನೀ ಯಾರು? ಮುರುಗೇಶ ಎಲ್ಲಿ? ಡ್ರೈವರ್ ವೆಚ್ಚವ್ನಾ ಅವ್ನು?"

ಮುರುಗೇಶ ಅಂದರೆ ಅವರ ಮೊಮ್ಮಗ, ಅಡಿಕೆ ವ್ಯಾಪಾರಿ. ಅವನು ಡ್ರೈವರ್ ಇಟ್ಟುಕೊಂಡಿದ್ದಾನೆ ಅಂದುಕೊಂಡಿದ್ದರು. ಮಂಟಪದ ಹೊರಗೆ ಬೇವಿನ ಮರ ಒಂದಲ್ಲ, ಎರಡು. ಮುಂಬಾಗಿಲ ಕಡೆ ಒಂದು, ಹಿಂಬಾಗಿಲ ಕಡೆ ಒಂದು. ಎರಡರ ಕೆಳಗೂ ಒಂದೇ ಮಾಡೆಲ್ಲಿನ ಹಳೇ ಬಿಳಿ ಕಾರು. ಎರಡರ ಒಳಗೂ ಮೊದಲ ಪಂತಿಯಲ್ಲಿ ಉಂಡು ಮಲಗಿದ ಒಬ್ಬೊಬ್ಬ ಅಜ್ಜಿ. ನಾನು ಒಬ್ಬರ ಕಾರನ್ನೂ ಕದ್ದೆ, ಅಜ್ಜಿಯನ್ನೂ ಕದ್ದೆ!

ಆಘಾತ ಇದೇ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಇನ್ನೊಂದು ಉಸಿರು ತೆಗೆದುಕೊಳ್ಳುವ ತನಕ.

ಹಾಗಾದರೆ ನಾಗತ್ತೆ?

ನಾಗತ್ತೆ ನನ್ನ ಕಾರಿನಲ್ಲಿದ್ದಾರೆ. ಬೀಗ ಹಾಕಿದ್ದು ನಾನೇ. ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಇದೆ, ಒಳಗಿನಿಂದ ಹಿಡಿಕೆ ಎಳೆದರೆ ತೆಗೆಯುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಹಾಕಿದ್ದು, ಇಂದಿಗೂ ತೆಗೆದಿಲ್ಲ. ಹಿಂದಿನ ಗ್ಲಾಸ್ ಇಳಿಸುವ ಹಿಡಿ ಕಿತ್ತುಬಂದು ಎಷ್ಟೋ ಕಾಲವಾಯಿತು. ಮಂಡಿ ನೋವಿನ ಅತ್ತೆ ಮುಂದಿನ ಸೀಟಿಗೆ ದಾಟಿ ಬರಲಾರರು. ಮೊಬೈಲು ಅವರ ಹತ್ತಿರ ಇಲ್ಲ. ಇರುವುದೊಂದು ಎಸಿ. ಆ ಎಸಿ ನಡೆಯುವುದು ಎಂಜಿನ್ ನಡೆದರೆ. ಎಂಜಿನ್ನಿಗೆ ಇರುವುದು ರಿಸರ್ವ್ ಪೆಟ್ರೋಲು, ಮತ್ತು ಚಮಚಕ್ಕೂ ತಿರುಗುವ ಆ ದರಿದ್ರ ಲಾಕು.

ಬಿಸಿಲು ನೆತ್ತಿಯ ಮೇಲಿತ್ತು. ಸೋಡಾ ಬಾಟಲಿ ಕೈಯಿಂದ ಜಾರಿ ರಸ್ತೆಯಲ್ಲಿ ಒಡೆಯಿತು.

ದೊರೆಸ್ವಾಮಿ ಅಣ್ಣನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಆ ಗದ್ದಲದಲ್ಲಿ ಹುಡುಗಿಯ ಅಪ್ಪನಿಗೆ ಫೋನ್ ಎಲ್ಲಿ ಕೇಳಿಸಬೇಕು? ಹರಟೆ ಹೊಡೆದ ಭಾವ, ಮಾವ ಯಾರೊಬ್ಬರ ನಂಬರೂ ನನ್ನಲ್ಲಿಲ್ಲ.  ಕಣ್ಣಲ್ಲಿ ನೀರು ಬಂದು ಸ್ಕ್ರೀನ್ ಕಾಣುತ್ತಿರಲಿಲ್ಲ.

"ಯಾಕ್ ಅಳ್ತೀಯೆ?" ಅಂದರು ರಂಗಮ್ಮ. ಹೇಳಿದೆ. ಅರ್ಧಕ್ಕೇ ಅವರಿಗೆ ಅರ್ಥವಾಯಿತು. ಕದ್ದು ತಂದವನ ಮೇಲೆ ಸಿಟ್ಟಾಗಬೇಕಾಗಿದ್ದವರು ಸೊಂಟದ ಚೀಲ ಬಿಚ್ಚಿ ಒಂದು ಬಟನ್ ಫೋನ್ ತೆಗೆದರು. "ಇದ್ರಲ್ಲಿ ಮುರುಗೇಶ ಇದ್ದಾನೆ. ಸೀಕ್ರ ಕೂಗು."

ಫೋನು ಸೈಲೆಂಟ್‌ನಲ್ಲಿತ್ತು. ಪರದೆಯ ತುಂಬ ಮುರುಗೇಶನ ಮಿಸ್ಡ್ ಕಾಲ್‌ಗಳು. ಒತ್ತಿದ ಕ್ಷಣವೇ ಎತ್ತಿದ. ನಾನು ಹಲೋ ಅಂದದ್ದೇ ತಡ, ಗಂಡು ದನಿ ಕೇಳಿ ಅವನಿಗೆ ರಕ್ತ ಕುದಿಯಿತು.

"ಯಾರುಡಾ ನೀ? ಎಂಗ ಪಾಟಿಯ ಎಂಗಡಾ ಕೂಟಿಟ್ಟು ಪೋರೆ?"

ನಮ್ಮಜ್ಜಿಯನ್ನು ಎಲ್ಲಿಗೆ ಕರೆದುಕೊಂಡು ಹೋಗ್ತಿದ್ದೀಯಾ ಅಂತ. ಅವನ ಹಿಂದೆ ಜನರ ಗದ್ದಲ, 'ಪೊಲೀಸ್' ಅನ್ನುವ ಮಾತು. ನಾನು ತಮಿಳು ಶುರು ಮಾಡಿ, ಕನ್ನಡಕ್ಕೆ ಜಾರಿ, ಎರಡೂ ಬಾರದೆ ತೊದಲಿದೆ. ರಂಗಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಮುರುಗೇಶಾ, ಬಾಯಿ ಮುಚ್ಕೊಂಡು ಕೇಳು. ನಂಗೇನೂ ಆಗಿಲ್ಲ. ಇವ್ನು ನಮ್ಮವ್ನೇ, ವಂಡಿ ಅದಲು ಬದಲಾಗಿ ಎತ್ಕೊಂಡ್ ಬಂದವ್ನೆ. ಮುಂದಿನ ಬೇವಿನ ಮರದ ಕೆಳಗೆ ಇವ್ನ ವಂಡಿ ನಿಂತದೆ. ಒಳಗೆ ಇವ್ನ ಅತ್ತೆ ಅವ್ಳೆ. ಓಡು!"

ಸ್ಪೀಕರ್ ಆನ್ ಮಾಡಿದೆ. ಓಡುವ ಸದ್ದು, ಏದುಸಿರು. ಯಾರೋ ಗಾಜಿಗೆ ಬಡಿಯುವ ಸದ್ದು.

"ಎಂಜಿನ್ ಓಡ್ತಾ ಇದೆಯಾ?" ಅಂತ ಕೂಗಿದೆ.

"ಇಲ್ಲ. ನಿಂತೋಗಿದೆ."

"ಅತ್ತೆ?"

ಮತ್ತೆ ಗಾಜು ಬಡಿದ ಸದ್ದು. "ಅಲ್ಲಾಡ್ತಾ ಇಲ್ಲ ಅಣ್ಣ" ಅಂದ ಮುರುಗೇಶ. ಆಗಲೇ 'ಡಾ' ಹೋಗಿ 'ಅಣ್ಣ' ಬಂದಿತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಗ್ಲಾಸ್ ಒಡಿ, ಕಲ್ಲು ತಗೋ ಅಂತ ಅರಚಿದೆ. ಸೂಲೂರಿನ ಆ ಪೆಟ್ಟಿಗೆ ಅಂಗಡಿಯವನು ಹೊರಗೆ ಬಂದು ನಿಂತು ನೋಡುತ್ತಿದ್ದ. ಫೋನಿನಲ್ಲಿ ಲೋಹದ ಸಣ್ಣ ಸದ್ದು. ಆಮೇಲೆ "ತೆಗೀತು! ನನ್ನ ಸಾವಿಗೇ ತೆಗೀತು!" ಅಂತ ಮುರುಗೇಶ. ಸಾವಿ ಅಂದರೆ ಕೀ. ಕಲ್ಲು ಹುಡುಕುವ ಮೊದಲು ಕೈಯಲ್ಲಿದ್ದ ತನ್ನ ಕಾರಿನ ಕೀಯನ್ನೇ ತೂರಿಸಿದ್ದ. ನನ್ನ ಕಾರು ಯಾವ ಕೀಗೆ ತಾನೇ ಇಲ್ಲ ಅಂದಿದೆ?

ಆಮೇಲೆ ಫೋನ್ ಕಟ್ ಆಯಿತು.

ವಾಪಸ್ ಪಲ್ಲಡಕ್ಕೆ ಹೇಗೆ ಓಡಿಸಿದೆನೋ ಗೊತ್ತಿಲ್ಲ. ರಂಗಮ್ಮ ಮುಂದಿನ ಸೀಟಿಗೆ ಬಂದು ಕೂತಿದ್ದರು. ದಾರಿಯುದ್ದಕ್ಕೂ ಮಾತಾಡಿದರು. ನಿಮ್ಮದು ಯಾವ ಕುಲದೇವರು, ನಿಮ್ಮಪ್ಪನ ಹೆಸರೇನು, ಅತ್ತೆಗೆ ಮಕ್ಕಳಿಲ್ಲವಾ. ನಾನು ಯಾವುದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ನನ್ನನ್ನು ಸ್ಟಿಯರಿಂಗ್ ಮುಂದೆ ಎಚ್ಚರವಾಗಿಡಲು ಕೇಳುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅತ್ತೆ ಹೋಗಿಬಿಟ್ಟಿದ್ದರೆ ಸುಧಾಗೆ ಏನು ಹೇಳಲಿ? ಅನ್ನ ಕಲಸಿ ತಿನ್ನಿಸಿದವರನ್ನು ನಾನೇ ಬೀಗ ಹಾಕಿ, ಎಳೆದು ನೋಡಿ, ಗ್ಯಾರಂಟಿ ಮಾಡಿಕೊಂಡು ಹೋದೆ ಅಂತಲಾ?

ಅತ್ತೆ ಬದುಕಿದ್ದರು.

ಮದುಮಗಳ ಕೋಣೆಯಲ್ಲಿ ಜಮಖಾನದ ಮೇಲೆ ಮಲಗಿಸಿದ್ದರು. ಮದುವೆಗೆ ಬಂದಿದ್ದ ಒಬ್ಬ ನರ್ಸಮ್ಮ ಸೀರೆ ಸಡಿಲಿಸಿ ಒದ್ದೆ ಬಟ್ಟೆ ಹಾಕುತ್ತಿದ್ದರು. ಮುಖ ಕೆಂಪಗೆ, ತುಟಿ ಒಡೆದಿತ್ತು. ಕಣ್ಣು ಅರ್ಧ ತೆರೆದು ನನ್ನನ್ನು ಹುಡುಕುತ್ತಿದ್ದರು. ಅಲ್ಲಿಂದ ಆಸ್ಪತ್ರೆ, ಡ್ರಿಪ್. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಕಾರಿನಲ್ಲಿ ಕರೆದುಕೊಂಡು ಹೋದವನೂ ಮುರುಗೇಶನೇ, ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತವನೂ ಅವನೇ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಅತ್ತೆ ಮಾತಾಡಿದರು.

"ಗಾಳಿ ನಿಂತೋಯ್ತು ಕಣ್ಣು. ಎದ್ದು ಹಿಡಿ ಎಳ್ದೆ, ಬರ್ಲಿಲ್ಲ. ಕೂಗ್ದೆ. ಗ್ಲಾಸ್ ತಟ್ಟಿ ತಟ್ಟಿ ಕೈ ನೋವಾಯ್ತು."

"ಯಾರೂ ನೋಡ್ಲಿಲ್ವಾ ಅತ್ತೆ?"

"ನೋಡ್ದೇ ಏನು? ಎಷ್ಟೋ ಜನ ನೋಡಿದ್ರು. ನಾ ಕೈ ಆಡ್ಸಿದೆ, ಅವ್ರೂ ನಕ್ಕೊಂಡು ಕೈ ಆಡ್ಸಿ ಹೋದ್ರು. ಒಬ್ಬಮ್ಮ ಕೂಸಿನ ಕೈ ಹಿಡಿದು ನಂಗೆ ಟಾಟಾ ಮಾಡ್ಸಿದ್ಲು."

 ಮದುವೆಮನೆ, ರೇಷ್ಮೆ ಸೀರೆ, ಕಾರಿನೊಳಗೆ ಕೈ ಆಡಿಸುವ ಅಜ್ಜಿ. ಯಾರಿಗೆ ಅನುಮಾನ ಬರಬೇಕು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೂ ಟಾಟಾ ಮಾಡಿಯೇ ಹೋಗುತ್ತಿದ್ದೆ. ಅದನ್ನು ನೆನೆದರೆ ಇನ್ನೂ ಭಯವಾಗುತ್ತೆ.

ಸುಧಾಗೆ ಎಲ್ಲ ಹೇಳಿದೆ. ಕಿರುಚುತ್ತಾಳೆ ಅಂದುಕೊಂಡಿದ್ದೆ.  "ನಾಳೆ ಬೆಳಿಗ್ಗೆ ಕಾರು ಸೆಲ್ವಂ ಅಂಗಡಿಯಲ್ಲಿ ಇರಬೇಕು" ಅಂದಳು, ಅಷ್ಟೇ.

ಸೆಲ್ವಂ ಸ್ಟಿಯರಿಂಗ್ ಕೆಳಗಿನ ಕವರ್ ಬಿಚ್ಚಿದ. ಲಾಕನ್ನು ಹಿಡಿದಿದ್ದ ಬೋಲ್ಟುಗಳಿಗೆ ತಲೆಯೇ ಇರಲಿಲ್ಲ. "ಕಳ್ಳರು ಸ್ಪ್ಯಾನರ್ ಹಾಕಿ ಬಿಚ್ಚಬಾರದು ಅಂತ ಕಂಪನಿಯವರೇ ಹೀಗೆ ಮಾಡ್ತಾರೆ ಸಾರ್. ಡ್ರಿಲ್ ಮಾಡಿಯೇ ತೆಗೀಬೇಕು" ಅಂದ. ಬೀರುವಿನ ಕೀಗೆ ಸ್ಟಾರ್ಟ್ ಆಗುವ ಕಾರಿಗೆ ಕಳ್ಳರ ಭಯದಿಂದ ತಲೆ ಕಡಿದ ಬೋಲ್ಟು! ಡ್ರಿಲ್ ಕಿರ್ರ್ ಅನ್ನುತ್ತಿದ್ದರೆ ನನ್ನ ಹಲ್ಲೊಳಗೇ ಕೊರೆದ ಹಾಗಿತ್ತು.

ಹಳೇ ಲಾಕ್ ಹೊರಬಂತು. ಒಳಗಿನ ಹಿತ್ತಾಳೆಯ ಚಿಕ್ಕ ತಗಡುಗಳೆಲ್ಲ ಸವೆದು ನುಣ್ಣಗಾಗಿದ್ದವು. ಅದರ ಹಿಂದಿನ ಸ್ವಿಚ್ ಸಡಿಲವಾಗಿತ್ತು. ಕಾರು ನಿಂತಲ್ಲೇ ಎಂಜಿನ್ ಓಡುವಾಗ ಅದುರಿ ಅದುರಿ ಜಾರಿ ಆಫ್ ಆಗಿರಬೇಕು ಅಂದ. ನನ್ನ ಕೀಯ ಹಲ್ಲುಗಳೂ ಅಷ್ಟೇ ನುಣ್ಣಗೆ. ಅದಕ್ಕೇ ಮುರುಗೇಶನ ಕಾರಿನ ಹಳೇ ಲಾಕಿಗೂ ಅದು ಹೊಂದಿಕೊಂಡಿತು. ಎಂಥ ಹೊಂದಾಣಿಕೆ ನೋಡಿ! ಸವೆದು ಸವೆದು ಯಾರ ಜೊತೆ ಬೇಕಾದರೂ ಅಡ್ಜಸ್ಟ್.

ಹೊಸ ಲಾಕ್ ಸೆಟ್ ಕೂತಿತು. ಇಗ್ನಿಷನ್, ಬಾಗಿಲು, ಡಿಕ್ಕಿ ಎಲ್ಲಕ್ಕೂ ಒಂದೇ ಹೊಸ ಕೀ. ಹಲ್ಲುಗಳು ಚೂಪಾಗಿ, ಬೆರಳಿಗೆ ತಾಗಿದರೆ ಚುಚ್ಚುವ ಹಾಗಿದ್ದವು. ಬೀರುವಿನ ಕೀ ಹಾಕಿಸಿ ನೋಡಿದೆ. ಜಪ್ಪಯ್ಯ ಅಂದರೂ ತಿರುಗಲಿಲ್ಲ. ಎಂಜಿನ್ ಆನ್ ಮಾಡಿ ಕೀ ಎಳೆದು ನೋಡಿದೆ. ಬರಲಿಲ್ಲ. ಮೊದಲ ಸಲ ನನಗೆ ಇದು ನನ್ನ ಕಾರು ಅನ್ನಿಸಿತು. ಇನ್ನು ಯಾವ ಕಳ್ಳನೂ ಮುಟ್ಟಲಾರ, ನಾನೂ ಇನ್ನೊಬ್ಬರ ಕಾರು ಮುಟ್ಟಲಾರೆ. ಪಾಪ ಪರಿಹಾರ ಆಯಿತು ಅಂತ ಹಗುರಾಗಿ ಮನೆಗೆ ಬಂದೆ.

ಅತ್ತೆಯನ್ನು ಡಾಕ್ಟರಿಗೆ ಮತ್ತೊಮ್ಮೆ ತೋರಿಸಬೇಕಿತ್ತು. ಹಿಂದಿನ ಸೀಟಿನಲ್ಲಿ ಕೂರಿಸಿದೆ. ಬಾಗಿಲು ಹಾಕಿದೆ. ಮುಂದೆ ಕೂತು ಹೊಸ ಕೀಯನ್ನು ಮಗುವಿಗೆ ತೋರಿಸುವ ಹಾಗೆ ಎತ್ತಿ ತೋರಿಸಿದೆ. "ಎಲ್ಲಾ ಹೊಸದು ಅತ್ತೆ. ಇನ್ನು ಏನೂ ಭಯ ಇಲ್ಲ. ಇದೊಂದು ಕೀ ಬಿಟ್ಟರೆ ಬೇರೆ ಯಾವುದಕ್ಕೂ ತೆಗೆಯೋದಿಲ್ಲ."

ಅತ್ತೆ ಪಕ್ಕದ ಬಾಗಿಲಿನ ಹಿಡಿಕೆಗೆ ಮೆಲ್ಲಗೆ ಕೈ ಹಾಕಿದರು. ಎಳೆದರು. ಇನ್ನೊಂದು ಸಲ ಎಳೆದರು. ಬಾಗಿಲು ತೆಗೆಯಲಿಲ್ಲ.

"ಸಾವಿ ಚೆನ್ನಾಗದೆ ಕಣ್ಣು. ಅದು ಹೊರಗಿರೋನಿಗೆ. ಒಳಗಿರೋಳಿಗೆ ಏನ್ ಮಾಡ್ಸಿದೆ?"